ಹಗ್ಗ ಕಟ್ಟುವ ದಿನ

ಪುಂತಾ ಅರೇನಸ್ಸಿನಲ್ಲಿ ಗಾಳಿ ಮೀರಿದ ದಿನ
ನಗರಸಭೆಯವರು ಮೂಲೆಮೂಲೆಗೆ ಹಗ್ಗ ಕಟ್ಟುತ್ತಾರೆ,
ಜನ ಹಿಡಿದು ನಡೆಯಲಿ ಅಂತ.
ಅಂಥದೇ ಒಂದು ದಿನ ಯೆರ್ಕೊ ಬಂದ,
ಹತ್ತು ವರ್ಷ, ಕಿವಿಯ ತುದಿ ಕೆಂಪು,
ಜಾಕೀಟಿನ ಜಿಪ್ಪು ಗಂಟಲವರೆಗೆ.

ನಾನು ತೂಕ ನೋಡುವವಳು. ಹದಿನೇಳು ವರ್ಷವಾಯಿತು.
ಯಂತ್ರದ ಅಂಕಿಯ ಮೇಲೆ ಬಿಳಿ ಪ್ಲಾಸ್ಟರು ಅಂಟಿಸಿದ್ದೇನೆ,
ತುದಿ ಎತ್ತಿ ನಾನೊಬ್ಬಳೇ ನೋಡುವ ಹಾಗೆ.
ಮಕ್ಕಳು ಅದನ್ನು ನನ್ನ ಮುಖದಲ್ಲೇ ಓದಿಬಿಡುತ್ತಾರೆ.
ಯೆರ್ಕೊ ಬೂಟು ಬಿಚ್ಚಿದ, ಜೇಬಿನಿಂದ
ಎರಡು ಗೋಲಿ, ಒಂದು ಹಳೆಯ ಬಸ್ ಟಿಕೆಟ್ಟು ತೆಗೆದಿಟ್ಟ,
ಕೊನೆಗೆ ಉಸಿರನ್ನೂ ಹೊರಗೆ ಬಿಟ್ಟು ಹತ್ತಿದ.

ಆಮೇಲೆ ಕಾಗದ. ಪ್ರಶ್ನೆಯ ಎದುರು ಚೌಕಗಳು.
ಓಡುವುದು ಕಷ್ಟವೆ? ಎಂದೂ ಇಲ್ಲ.
ಬೇಜಾರಾಗುತ್ತದೆಯೆ? ಎಂದೂ ಇಲ್ಲ.
ಬೇರೆ ಮಕ್ಕಳು ಅಣಕಿಸುತ್ತಾರೆಯೆ?
ಪೆನ್ಸಿಲ್ಲು ಸ್ವಲ್ಪ ನಿಂತಿತು. ಮಾಡಿನ ತಗಡು
ಬಡಿದುಕೊಳ್ಳುತ್ತಿತ್ತು.
ಎಂದೂ ಇಲ್ಲ.

ನನಗೆ ಗೊತ್ತು. ತಂಗಿ ದಾನಿತ್ಸಾ ಬಾಯಿಬಡುಕಿ.
ಮಂಗಳವಾರ ಬಂದರೆ ಆಟದ ಬೂಟು ಮರೆತುಹೋಗುವುದು,
ಬುತ್ತಿ ಬಿಚ್ಚುವುದು ಶಾಲೆಯ ಪಾಯಖಾನೆಯಲ್ಲಿ,
ರಾತ್ರಿ ಹೊದಿಕೆಯೊಳಗೆ ಅಪ್ಪನ ಬೆಲ್ಟು
ಹೊಟ್ಟೆಗೆ ಬಿಗಿದು ಮಲಗುವುದು,
ಬಾಗಿಲಿಗೆ ಒರಗಿ ಎಲ್ಲ ಹೇಳಿದ್ದಾಳೆ.
ಯಾರ್ಯಾರೋ ಹಗುರವಾಗಿ ಆಡಿದ್ದನ್ನೆಲ್ಲ
ಹೊಟ್ಟೆಗೆ ಹಾಕಿಕೊಂಡಿದ್ದಾನೆ ಹುಡುಗ.
ಯಾವ ಯಂತ್ರದಲ್ಲಿ ತೂಗಲಿ?

ತಾಯಿಗೆ ಹೇಳಬೇಕಾದ್ದು ಅಚ್ಚು ಹಾಳೆಯಲ್ಲಿದೆ:
ಬ್ರೆಡ್ಡು ಕಡಿಮೆ, ಕರಿದ ಸೋಪೈಪಿಯಾ ಬೇಡ,
ದಿನಕ್ಕೊಂದು ಗಂಟೆ ಹೊರಗೆ ಆಟ.
ಏಡಿ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದವಳು
ಕಿಟಕಿಯತ್ತ ನೋಡಿದಳು. ಕಸದ ಡಬ್ಬವೊಂದು
ಜಲಸಂಧಿಯ ಕಡೆ ಓಡುತ್ತಿತ್ತು.
"ಹೊರಗೆ?" ಅಂದಳು.
ಸೇಬು ಇಲ್ಲಿಗೆ ದೂರದಿಂದ ಬರುತ್ತದೆ,
ಬೆಲೆ ನನಗೂ ಗೊತ್ತು. ಹಾಳೆ ಮಡಚಿ ಕೊಟ್ಟೆ.

ಹೊರಟರು. ಮೂಲೆಯ ಹಗ್ಗಕ್ಕೆ
ಆಗಲೇ ಮುದುಕರಿಬ್ಬರು ಜೋತುಬಿದ್ದಿದ್ದರು.
ಕಡ್ಡಿಯಂಥ ದಾನಿತ್ಸಾ, ಕಾಲು ನೆಲ ಬಿಡುವ ಹೊತ್ತಿಗೆ,
ಅಣ್ಣನ ಸೊಂಟ ತಬ್ಬಿದಳು.
ಅವನು ಕಾಲು ಅಗಲಿಸಿ, ಗಾಳಿಗೆ ಬೆನ್ನು ಕೊಟ್ಟು ನಿಂತ.
ಬ್ಯಾಗಿನ ಸಮೇತ ಹಾರಿಹೋಗಲಿದ್ದ ಯಾವನೋ ಹುಡುಗ
ಅವನ ತೋಳು ಹಿಡಿದ. ಅವನ ಹಿಂದೆ ಇನ್ನೊಬ್ಬ.
ಅಣಕಿಸುವವರು ಅವರೇ ಇದ್ದರೂ ಇದ್ದಾರು.
ದೀಪ ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಯಿತು.

ಇಷ್ಟರಿಂದ ಎಲ್ಲ ಸರಿಹೋಯಿತೆಂದು ಬರೆಯಲಾರೆ.
ನಾಳೆ ಗಾಳಿ ನಿಂತರೆ ಆ ಕೈಗಳೂ ಬಿಡುತ್ತವೆ,
ಈ ಊರು ನನಗೆ ಹೊಸದಲ್ಲ.
ಫೈಲಿಗೆ ಸೇರಿಸುವ ಮೊದಲು ಕಾಗದ ತಿರುವಿದೆ.
ಹಿಂಬದಿಯಲ್ಲಿ: ಬೇರೇನಾದರೂ ಹೇಳುವುದಿದೆಯೆ?
ಎರಡು ಸಾಲು ಬರೆದು, ರಬ್ಬರಿನಿಂದ
ಕಾಗದ ಹರಿಯುವಷ್ಟು ಉಜ್ಜಿದ್ದಾನೆ.
ಬೆಳಕಿಗೆ ಹಿಡಿದರೆ ಅಕ್ಷರದ ಗೀರು ಕಂಡೀತು.
ಹಿಡಿಯಲಿಲ್ಲ.
ಮುಂದಿನ ಗುರುವಾರ, ಮೂರು ಗಂಟೆ, ಎಂದು ಬರೆದೆ,
ಅದರ ಪಕ್ಕ, ಅವನಿಗೆ ಕಾಣುವಷ್ಟು ದಪ್ಪಕ್ಷರದಲ್ಲಿ:
ತೂಕಕ್ಕಲ್ಲ.