ಹಳದಿ ದೀಪ

ಆಗುಂಬೆಯ ಮೂರನೇ ತಿರುವಿನಲ್ಲಿ ಹೊತ್ತಿಕೊಂಡದ್ದು
ತೀರ್ಥಹಳ್ಳಿಗೆ ಬಂದರೂ ಆರಲಿಲ್ಲ.
ಅಲ್ಲೊಬ್ಬ ಆಕ್ಸಿಜನ್ ಸೆನ್ಸರ್ ಬದಲಿಸಿದ,
ಮೂರು ಸಾವಿರದ ಇನ್ನೂರು.
ಮಂಡಗದ್ದೆ ದಾಟುವಷ್ಟರಲ್ಲಿ
ಮತ್ತೆ ಕಣ್ಣು ಬಿಟ್ಟಿತು.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ
ಜಬೀವುಲ್ಲಾ ಸ್ಕ್ಯಾನರ್ ಚುಚ್ಚಿದ, ಓದಿದ, ಕಿತ್ತಿಟ್ಟ.
"ಗಾಳಿ ಜಾಸ್ತಿ ಅಂತ ಬಾಯಿಬಿಟ್ಟು ಹೇಳ್ತಿದೆ ಸಾರ್.
ಹೇಳಿದವನನ್ನೇ ಕಿತ್ತು ಬಿಸಾಕಿ ಬಂದಿದ್ದೀರಲ್ಲ!"

ಬಾನೆಟ್ಟಿನೊಳಗೆ ಬಗ್ಗಿ ಕಿವಿಗೊಟ್ಟ.
ಪಕ್ಕದ ಶೆಡ್ಡಿನ ಸುತ್ತಿಗೆಗೆ ಕೈಯೆತ್ತಿದ,
ಅದೂ ಸುಮ್ಮನಾಯಿತು.
ಇಂಜಿನ್ ಏರುತ್ತಿತ್ತು, ಇಳಿಯುತ್ತಿತ್ತು,
ಏರಿ ಹತ್ತಿ ನಿಂತ ಎಮ್ಮೆಯ ಏದುಸಿರು.
ಅದರ ಅಡಿಯಲ್ಲೆಲ್ಲೋ
ಸಣ್ಣಗೆ ಸುಯ್...

ಮ್ಯಾನಿಫೋಲ್ಡಿನ ಹಿಂದೆ, ಅವನ ಬೆರಳು ತೂರದ ಕಡೆ
ಇಲಿ ಕಡಿದ ರಬ್ಬರ್ ಪೈಪು.
ಐಟಿಐ ಮುಗಿಸಿ ಬಂದ ಕಾವೇರಿಬಾಯಿ
ಬಳೆ ಮೇಲಕ್ಕೇರಿಸಿ ಕೈ ಇಳಿಸಿದಳು,
ಕಣ್ಣು ಮುಚ್ಚಿ ತಡಕಿದಳು.
ಮೊದಲು ಬಂದದ್ದು ಅರ್ಧ ತಿಂದ ಹಲಸಿನ ಬೀಜ.
ಆಮೇಲೆ ಪೈಪು.

ಗೇಣುದ್ದ ಹೊಸದು, ಎರಡು ಕ್ಲಿಪ್ಪು,
ಕೂಲಿ ಸೇರಿ ಇನ್ನೂರ ನಲವತ್ತು.

ಗಾಜನೂರಿನವರೆಗೂ ನೋಡುತ್ತಲೇ ಇದ್ದೆ
ದೀಪವಿಲ್ಲದ ಆ ಜಾಗವನ್ನು.
ಬೈದು ಬೈದು ಬಾಯಿ ಮುಚ್ಚಿಸಿದ್ದೆನಲ್ಲ,
ಈಗ ತಾನಾಗಿಯೇ ಸುಮ್ಮನಿತ್ತು.
ಜೇಬಿನಲ್ಲಿ ಹಲಸಿನ ಬೀಜ,
ಯಾಕೆ ತಂದೆನೋ.