ಏಳನೆಯ ಕುಳಿ

ಅಳತೆಕೋಲು ಹಿಡಿದವನು ಝರೆಪ್ಪ,
ದುರ್ಬೀನಿಗೆ ಕಣ್ಣು ಕೊಟ್ಟವನು ನಾನು.
ಬೀದರಿನ ಹೊರಗೆ, ಊರು ಮುಗಿದು ಗಾಳಿ ಶುರುವಾಗುವಲ್ಲಿ
ನೂರಾ ಹತ್ತು ಎಕರೆ ಕೆಂಪು ಮಡ್ಡಿ.

ಗಾಲ್ಫ್ ಮೈದಾನದ ನಕ್ಷೆಗಾರ ಬಂದ:
ದೊಡ್ಡ ಟೋಪಿ, ಸಣ್ಣ ಮಾತು.
ಮೂರು ದಿನ ಒಂದು ಗೆರೆ ಎಳೆಯಲಿಲ್ಲ, ಬರೀ ನಡೆದ.
"ಒಂಬತ್ತು ಕುಳಿ ಇಲ್ಲೇ ಎಲ್ಲೋ ಇವೆ, ಹುಡುಕಬೇಕು" ಎಂದ.
ತಪ್ಪಿಸಿಕೊಂಡ ಎಮ್ಮೆ ಹುಡುಕುವವರ ಹಾಗೆ
ನಾವೂ ಅವನ ಹಿಂದೆ.

ಮೊದಲ ಹಾದಿ ಮೇಕೆಗಳದ್ದು.
ಬಾರಿಗಿಡ ತಪ್ಪಿಸಿ, ಬಂಡೆಯ ಭುಜ ಬಳಸಿ
ಇಳಿಜಾರಿಗೆ ಎಷ್ಟು ಬೇಕೋ ಅಷ್ಟೇ ಬಾಗಿದ್ದು.
ಪೆನ್ಸಿಲ್ಲು ತಿದ್ದಲು ನೋಡಿತು,
ಸೋತು, ಅದರ ಮೇಲೇ ಹೋಯಿತು.

ಎರಡನೆಯ ಗ್ರೀನು ಒಂಬತ್ತು ಅಡಿ ಸರಿದದ್ದು
ಟಿಟ್ಟಿಭದ ನಾಲ್ಕು ಮೊಟ್ಟೆಗೆ.
ಗರಸಿನ ನಡುವೆ ಗರಸಿನದೇ ಬಣ್ಣ;
ಝರೆಪ್ಪನ ಕಾಲಿಗೆ ಗೊತ್ತಾಯಿತು, ನನ್ನ ದುರ್ಬೀನಿಗಲ್ಲ.

ಬಂಕರಿಗೆ ಜಾಗ ಸಿದ್ಧವೇ ಇತ್ತು:
ಆಷಾಢದ ಗಾಳಿಗೆ ಬೆನ್ನು ಕೊಟ್ಟು
ಕುರಿಗಳು ಒತ್ತೊತ್ತಿ ಕೂತು ಕೂತು ಆದ ತಗ್ಗು.
"ಯಾರು ತೋಡಿದ್ದು?" ಟೋಪಿ ಕೇಳಿತು.
"ಕುರಿ ರೀ. ಕೂಲಿ ಇನ್ನೂ ಕೇಳಿಲ್ಲ."

ಹುಲ್ಲಿಗೆ ಮಾತ್ರ ಜಗಳ.
ಕ್ಲಬ್ಬಿನ ಪಟ್ಟಿಯಲ್ಲಿ ಹೊರದೇಶದ ಬೀಜ,
ದಿನಕ್ಕೆ ಇಷ್ಟು ಟ್ಯಾಂಕರ್ ನೀರು.
ಕಾಲಡಿಯ ಕರಿಕೆ ಯಾರಿಗೂ ಎದುರಾಡದೆ
ಗಂಟಿಗೊಂದು ಬೇರು ಬಿಟ್ಟುಕೊಂಡು
ಸಭೆ ಮುಗಿಯುವಷ್ಟರಲ್ಲಿ ಒಂದು ಗೇಣು ಮುಂದೆ ಬಂದಿತ್ತು.

ಆರು ಸಿಕ್ಕವು. ಏಳನೆಯದಕ್ಕೆ
ಸೀತಾಫಲದ ಪೊದೆಯಾಚೆ ಗೂಟ ಹೊಡೆದರೆ
ಗೂಟ ನಿಲ್ಲಲಿಲ್ಲ. ಹೋಯಿತು, ಕೆಳಗೆ.
ಪೊದೆ ಸರಿಸಿದೆವು:
ಜಂಬಿಟ್ಟಿಗೆಯಲ್ಲಿ ಕೊರೆದ ಚೌಕ ಬಾಯಿ,
ಮುಖಕ್ಕೆ ತಣ್ಣನೆ ಉಸಿರು.
ಅರವತ್ತು ಹೆಜ್ಜೆಗೆ ಇನ್ನೊಂದು. ಅದೇ ಸಾಲಿಗೆ ಮತ್ತೊಂದು.
ಸುಲ್ತಾನರ ಕಾಲದ ಸುರಂಗ ಬಾವಿ
ಮೇಲೆ ಮೇಯುವವರಿಗೆ ಹೇಳದೆ ಹರಿಯುತ್ತಿತ್ತು.

ಟೇಪು ಇಳಿಬಿಟ್ಟು ಒಂದೊಂದರ ಆಳ ಬರೆದುಕೊಂಡೆ.
ಮೇಲೆ ನೆಲ ಏರಿಳಿದು ಕುಣಿದರೂ
ಕೆಳಗಿನ ನೀರು ಕುಳಿಯಿಂದ ಕುಳಿಗೆ
ಬೆರಳು ದಪ್ಪದ ಇಳಿತ, ಅಷ್ಟೇ.
ದುರ್ಬೀನಿಲ್ಲದೆ. ಕಂದೀಲಿನ ಬೆಳಕಲ್ಲಿ, ಬಗ್ಗಿದ ಬೆನ್ನಲ್ಲಿ.
ನಾಚಿಕೆಯಾಯಿತು ನನಗೆ,
ಸ್ವಲ್ಪ ಹೊಟ್ಟೆಕಿಚ್ಚೂ.

ನಕ್ಷೆಗಾರ ಟೋಪಿ ತೆಗೆದ, ಮೊದಲ ಸಲ.
ಜೇಬಿನಿಂದ ಬಿಳಿ ಚೆಂಡೊಂದು ತೆಗೆದು
ಬಾಯಿಯ ಮೇಲೆ ಹಿಡಿದು, ಬೆರಳು ಬಿಡಿಸಿದ.
ಎರಡು ಎಣಿಸುವುದರೊಳಗೆ
ನೀರು "ಹ್ಞೂಂ" ಅಂತು.

ನಕ್ಷೆಯಲ್ಲಿ ಈಗಲೂ ಆರರ ನಂತರ ಎಂಟು.
ಏಳು ಎಲ್ಲಿ ಎಂದು ಕ್ಲಬ್ಬಿನಿಂದ ಕಾಗದ ಬಂತು.
ಏನು ಬರೆಯಲಿ, ಝರೆಪ್ಪನನ್ನು ಕೇಳಿದೆ.
ಕೋಲಿನ ಮಣ್ಣು ಕೆರೆಯುತ್ತ ಅಂದ:
"ಅಲ್ಲಿ ಆಟ ಇನ್ನಾ ನಡದದ ಅಂತ ಬರೀರಿ."

ಬರೆದೆ. ಅಂಚೆಚೀಟಿಗೆ ನಾಲಗೆ ಹಚ್ಚಿದೆ;
ಮಡ್ಡಿಯ ದೂಳೇ ರುಚಿ.