ಏಳನೆಯ ಮನೆ

ಬೆಕ್ಕು ಮರಿಗಳನ್ನು ಕಚ್ಚಿಕೊಂಡು
ಏಳು ಮನೆ ಸುತ್ತುತ್ತದಂತೆ.
ನನ್ನನ್ನು ಯಾರೂ ಕಚ್ಚಿಕೊಂಡು ಬರಲಿಲ್ಲ, ನಾನೇ ಬಂದೆ:
ಹಾಸ್ಟೆಲ್ಲು, ಇನ್ನೊಂದು ಹಾಸ್ಟೆಲ್ಲು, ಪೇಸ್ಲಿಯ ನೆಲಮಾಳಿಗೆ,
ಮೂವರು ನರ್ಸುಗಳ ಜೊತೆ ಒಂದೇ ಫ್ರಿಜ್ಜಿನ ಮನೆ,
ಆಮೇಲೆ ಎರಡು, ಹೇಳುವಂಥದ್ದೇನಿಲ್ಲ.
ಗ್ಲಾಸ್ಗೋದ ಈ ಮೂರನೇ ಮಹಡಿ,
ಎಣಿಸಿದರೆ, ಏಳನೆಯದು.

ಎರಡನೇ ತಿರುವಿನಲ್ಲಿ ಸೋಫಾ
ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು.
ಅದರ ತೋಳಿನ ಮೇಲೆಯೇ ಕೂತೆವು, ರೋರಿ, ನಾನು,
ನಡುವೆ ಉಸಿರಾಡುವ ಒಂದು ರಟ್ಟಿನ ಪೆಟ್ಟಿಗೆ.
ದಾಟಿಹೋಗಲಾರದ ಮಿಸೆಸ್ ಡಾಕರ್ಟಿ
ಮೆಟ್ಟಿಲ ಮೇಲೆ ಕೂತು ಹೇಳಿದರು:
ಆ ಮನೆಗೆ ಕಿಟಕಿ ಚೆನ್ನಾಗಿದೆ.

ತೆರೆದರೆ ಬ್ರೂವರಿಯ ಗಾಳಿ,
ಯಾರೋ ಹುರಿಹಿಟ್ಟು ಬೀಸಿದ ಹಾಗೆ.
ಚಿಮಣಿಯ ಮೇಲೆ ಕೋಳಿಗಿಂತ ದೊಡ್ಡ ಸೀಗಲ್ಲುಗಳು
ಮರಿಯನ್ನು ನೋಡಿ ಲೆಕ್ಕ ಹಾಕುತ್ತಿದ್ದವು.

ಮರಿ ಕಪ್ಪು, ಹೊಟ್ಟೆ ಪಾದ ಬಿಳಿ.
ನಾನು ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದೆ.
ನನ್ನ ಹತ್ತಿರ ಅಕ್ಷರ ಕಲಿಯುತ್ತಿರುವ ರೋರಿ
ಬೆರಳಿಟ್ಟು ಓದಿದ: ಹೆ, ಸ, ರು.
"ಡಬ್ಬಿಗೆ ಯಾಕೆ ಹೆಸರು ಅಂತಲೇ ಹೆಸರು?"
ಒಳಗೆ ಹೆಸರಿದೆ, ಅಂದೆ.
ಮುಚ್ಚಳ ತೆಗೆದು ನೋಡಿದ. ಹಸಿರಾಗಿತ್ತು.
"ಹಾಗಾದರೆ ಇವನೂ ಹೆಸರಾ?"
ಹೆಸರಲ್ಲ, ಉದ್ದು. ಸರಿಯಾಗಿ ನೋಡು,
ನೆನೆಸಿ ಉಜ್ಜಿದಾಗ ಅರ್ಧ ಸಿಪ್ಪೆ ಬಿಟ್ಟ ಉದ್ದು.
ಉದ್ದು ಕಿವಿಯನ್ನೂ ಅಲುಗಿಸಲಿಲ್ಲ.

ಹಾಲುಕ್ಕಿಸು ಎಂದು ನನಗೆ ಯಾರೂ ಹೇಳಲಿಲ್ಲ.
ರೋರಿಯ ವಿಷಯವನ್ನೇ ಊರಿಗೆ ನಾನು ಹೇಳಿಲ್ಲ,
ಇನ್ನು ಹಾಲಿನ ವಿಷಯ ಯಾರು ಹೇಳುತ್ತಾರೆ?
ಆದರೂ ಇಟ್ಟೆ.
ಪೂರ್ವ ಯಾವ ಕಡೆ ಎಂದು ಅವನು ಫೋನಿನಲ್ಲಿ ಹುಡುಕುವಷ್ಟರಲ್ಲಿ
ಉಕ್ಕಿ, ಒಲೆಯ ಗಾಜಿನ ಮೇಲೆ ಕರಕಾಗಿ,
ಹೊಗೆಯ ಅಲಾರಂ ಕೂಗಿತು.
ಒಂದು ಕೂಗಿದರೆ ಮನೆಯ ಎಲ್ಲವೂ ಕೂಗಬೇಕೆಂದು ಇಲ್ಲಿ ಕಾನೂನು.
ಅಂಥ ಮಂಗಳವಾದ್ಯ
ಯಾರ ಗೃಹಪ್ರವೇಶದಲ್ಲೂ ಮೊಳಗಿರಲಾರದು.

ಉದ್ದು ಕಾಣೆ.
ಸ್ನಾನದ ತೊಟ್ಟಿಯ ಹಿಂದೆ, ವಾಷಿಂಗ್ ಮಷೀನಿನ ಹಿಂದೆ,
ಪೊರಕೆ ಹಿಡಿದು ಮೇಲೆ ಬಂದ ಮಿಸೆಸ್ ಡಾಕರ್ಟಿ
ಸೋಫಾದ ಕೆಳಗೆಲ್ಲ ಬಡಿದು ನೋಡಿ, ಟೀ ಕುಡಿದು ಹೋದರು.
ಹನ್ನೊಂದಾಯಿತು. ರೋರಿ ಬಸ್ ಡಿಪೋಗೆ ಫೋನು ಮಾಡಿ
ಇವತ್ತು ಬರಲಾರೆ, ಮನೆಯಲ್ಲಿ ಒಬ್ಬರು ಕಳೆದಿದ್ದಾರೆ, ಅಂದ.

ಸಿಕ್ಕಿದ್ದು ನನ್ನ ಸೂಟ್‌ಕೇಸಿನಲ್ಲಿ.

ಆ ಸೂಟ್‌ಕೇಸಿನ ಬಗ್ಗೆ ಹೇಳಬೇಕು.
ಆರು ಮನೆಯಲ್ಲೂ ಅದನ್ನು ಪೂರ್ತಿ ಖಾಲಿ ಮಾಡಿದವಳಲ್ಲ ನಾನು.
ತಳದಲ್ಲಿ ಒಂದು ಇಳಕಲ್ ಸೀರೆ, ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಚೀಲ,
ಅವ್ವನ ಟವೆಲ್ಲು,
ಜಿಪ್ಪು ಎಳೆದರೆ ಹೊರಟೆ ಎನ್ನುವಷ್ಟು.
ರೋರಿಗೆ ಗೊತ್ತಿತ್ತು. ಕೇಳಿರಲಿಲ್ಲ.
ಸೀರೆಯ ಮಡಿಕೆಯೊಳಗೆ ಉದ್ದು, ಹೆದರಿ,
ಉಚ್ಚೆ ಹೊಯ್ದು, ಅದರ ಮೇಲೇ ನಿದ್ದೆ ಹೋಗಿತ್ತು.

ಎಲ್ಲ ತೆಗೆಯಬೇಕಾಯಿತು.
ಅಡುಗೆಮನೆಯ ಸೂರಿಗೆ ರಾಟೆ ಕಟ್ಟಿದ ಮರದ ಕೋಲುಗಳಿವೆ,
ಹಗ್ಗ ಎಳೆದರೆ ಬಟ್ಟೆ ಆಕಾಶಕ್ಕೆ ಹೋಗುತ್ತದೆ.
ಕೆಂಪು ಸೆರಗು ಒಲೆಯ ಮೇಲೆ ರಾತ್ರಿಯೆಲ್ಲ ತೊಟ್ಟಿಕ್ಕಿತು,
ಸ್ವಲ್ಪ ಬಣ್ಣವನ್ನೂ ಬಿಟ್ಟಿತು.
ರೋರಿ ಕೆಳಗೊಂದು ಪಾತ್ರೆ ಇಟ್ಟ, ಆ ಹಾಲಿನದೇ.
"ಸೂಟ್‌ಕೇಸು?"
ಒಣಗಲಿ, ಅಂದೆ.
ಮೂರು ವಾರವಾಯಿತು. ಬಾಯಿ ತೆರೆದುಕೊಂಡು ಒಣಗುತ್ತಿದೆ.

ರಾತ್ರಿ ಪಾಳಿ ಮುಗಿಸಿ ಅವನು ಬರುವ ಹೊತ್ತು
ನಾನು ಲ್ಯಾಬಿಗೆ ಹೊರಡುವ ಹೊತ್ತು.
ಹೊಸ್ತಿಲಲ್ಲಿ ಬ್ಯಾಗಿಗೆ ಬ್ಯಾಗು ತಾಗುವಾಗ
ದಿನಾ, ತಪ್ಪದೆ, ಬೆಕ್ಕು ಅಡ್ಡ ಬರುತ್ತದೆ.
ಬೆಕ್ಕು ಅಡ್ಡ ಬಂದರೆ ಏನು ಮಾಡಬೇಕೆಂದು ನನಗೆ ಗೊತ್ತು.
ರೋರಿಗೂ ಹೇಳಿದ್ದೇನೆ, ನಮ್ಮ ಕಡೆಯ ಕಾನೂನು ಅಂತ:
ಒಳಗೆ ಬಂದು, ಬ್ಯಾಗು ಇಳಿಸಿ, ನೀರು ಕುಡಿದು,
ಸ್ವಲ್ಪ ಹೊತ್ತು ಕೂತು ಹೋಗಬೇಕು.

ಕೆಳಗೆ ಬಸ್ಸು ನಿಲ್ಲುತ್ತದೆ, ಹೋಗುತ್ತದೆ.
ಕೂತಿರುತ್ತೇವೆ.